ಹಾಯಿದೋಣಿಯಲ್ಲಿ ಹೈಡ್ರಾ ದ್ವೀಪಕ್ಕೆ

ನಮ್ಮ ಊರಿನ ಹೆಸರು ಸಾಗರ. ಹೆಸರು ಕೇಳಿ ಮೋಸ ಹೋಗಬೇಡಿ ಗೆಳತಿಯರೇ, ಸಮುದ್ರಕ್ಕೂ ನಮಗೂ ನಡುವೆ ಇಡೀ ಘಟ್ಟವೇ ಅಡ್ಡ ಕೂತಿದೆ. ನಾನು ಸಮುದ್ರ ನೋಡುವುದೆಂದರೆ ಎರಡು ಮೂರು ವರ್ಷಕ್ಕೊಮ್ಮೆ ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಹೋದಾಗ, ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ನೆನೆಸಿಕೊಂಡು ಓಡಿ ಬರುವುದು, ಅಷ್ಟೇ. ಅಂಥವಳಿಗೆ ಜರ್ಮನಿಯಲ್ಲಿರುವ ತಂಗಿ ಫೋನು ಮಾಡಿ, "ಅಕ್ಕಾ, ಗ್ರೀಸ್ ದೇಶದಲ್ಲಿ ಒಂದು ವಾರಕ್ಕೆ ಹಾಯಿದೋಣಿ ಬಾಡಿಗೆಗೆ ತಗೋತಿದೀವಿ. ನೀನೂ ಭಾವನೂ ಬನ್ನಿ. ದೋಣಿಯಲ್ಲೇ ಅಡುಗೆ, ದೋಣಿಯಲ್ಲೇ ನಿದ್ದೆ" ಎಂದಳು. ಆಗ ನಾನು ಒಗ್ಗರಣೆ ಹಾಕುತ್ತಿದ್ದೆ. ಮೆಣಸಿನಕಾಯಿ ಸೀದು ಇದ್ದಿಲಾಯಿತು.

ಎರಡು ವರ್ಷ "ಆಗಲ್ಲ ಕಣೇ" ಎಂದೇ ಹೇಳಿದೆ. ಕಾರಣ ದುಡ್ಡಲ್ಲ, ಅಡಿಕೆ ಕೊಯ್ಲೂ ಅಲ್ಲ. ನಮ್ಮ ಅಮ್ಮ. ಅಮ್ಮನ ತವರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲೊಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿಗೆ ನೀರು ನಿಂತಾಗ ಆಕೆಗೆ ಏಳೆಂಟು ವರ್ಷ. ಮನೆ, ಕೊಟ್ಟಿಗೆ, ಅಂಗಳದ ಎದುರಿನ ಹಲಸಿನ ಮರ, ಎಲ್ಲವೂ ದಿನಕ್ಕಿಷ್ಟು ದಿನಕ್ಕಿಷ್ಟು ನೀರೊಳಗೆ ಹೋಗುವುದನ್ನು ಗುಡ್ಡದ ಮೇಲೆ ನಿಂತು ನೋಡಿದವಳು. "ನಮ್ಮ ಮನೆತನಕ್ಕೂ ನೀರಿಗೂ ಆಗಿಬರಲ್ಲ" ಎನ್ನುವುದು ಅವಳ ಮಾತು. ತುಮರಿ ಕಡೆಯ ನೆಂಟರ ಮನೆಗೆ ಅಂಬಾರಗೋಡ್ಲಿನಿಂದ ಲಾಂಚಿನಲ್ಲಿ ಹೋಗಬೇಕಾಗಿ ಬಂದಾಗಲೆಲ್ಲ ಸೆರಗು ಮುಖಕ್ಕೆ ಹೊದ್ದುಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ಕೂತ ನಾನೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೆದರಿಕೆಯನ್ನೂ ಒಡವೆಯ ಹಾಗೆ ತಾಯಿಯಿಂದ ಮಗಳಿಗೆ ದಾಟಿಸುತ್ತೇವೆ ನೋಡಿ.

ಕೊನೆಗೆ ಒಪ್ಪಿದ್ದು ನಮ್ಮನೆಯವರ ಹುರುಪಿಗೆ. ಐವತ್ತು ದಾಟಿದ ಮೇಲೆ ಅವರಿಗೆ ಇಂಥ ಆಸೆಗಳು ಹೆಚ್ಚು. 2025ರ ಮೇ ಕೊನೆಗೆ ಹೊರಡುವುದೆಂದಾಯಿತು. ಜುಲೈ, ಆಗಸ್ಟ್ ತಿಂಗಳಲ್ಲಿ ಆ ಕಡೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ದಿನಗಟ್ಟಲೆ ಬೀಸುತ್ತದಂತೆ, ಹೊಸಬರು ಅದಕ್ಕೆ ಮುಂಚೆ ಹೋಗುವುದು ಒಳ್ಳೆಯದು. ಅಮ್ಮನಿಗೆ ನಾನು ಹೇಳಿದ್ದು, "ದೊಡ್ಡ ಹಡಗಮ್ಮ, ಮನೆಯ ಹಾಗೇ ಇರುತ್ತೆ" ಅಂತ. ಸುಳ್ಳು. ನಲವತ್ತು ದಾಟಿದ ಹೆಂಗಸು ಹುಡುಗಿಯ ಹಾಗೆ ತಾಯಿಗೆ ಸುಳ್ಳು ಹೇಳಿ ಹೊರಟೆ. ಆ ಸುಳ್ಳು ಚೀಲದಲ್ಲಿ ಕಲ್ಲಿಟ್ಟ ಹಾಗೆ ವಾರವೆಲ್ಲ ನನ್ನ ಜತೆಗೇ ಇತ್ತು.

ನಿಮ್ಮಲ್ಲಿ ಯಾರಾದರೂ ಹೊರಡುವವರಿದ್ದರೆ ಒಂದೆರಡು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗ್ರೀಸಿಗೆ ಷೆಂಗೆನ್ ವೀಸಾ ಬೇಕು. ದೋಣಿ ಬಾಡಿಗೆಗೆ ಸಿಕ್ಕರೂ ನಡೆಸುವವರಿಗೆ ಪರವಾನಗಿ ಇರಲೇಬೇಕು, ಜತೆಗೆ ಅನುಭವವಿರುವ ಇನ್ನೊಬ್ಬರು. ನಮ್ಮಲ್ಲಿ ತಂಗಿಯ ಗಂಡನ ಬಳಿ ಪರವಾನಗಿ ಇತ್ತು, ತಂಗಿ ಎರಡನೆಯವಳು. ಅಂಥವರಿಲ್ಲದಿದ್ದರೆ ನಾಯಕನನ್ನೂ ಸಂಬಳ ಕೊಟ್ಟು ಕರೆದುಕೊಳ್ಳಬಹುದು. ಗಟ್ಟಿ ಪೆಟ್ಟಿಗೆ ಒಯ್ಯಬೇಡಿ, ದೋಣಿಯಲ್ಲಿ ಇಡಲು ಜಾಗವಿಲ್ಲ, ಮಡಚುವ ಬಟ್ಟೆಯ ಚೀಲವೇ ಸರಿ. ಇಲ್ಲಿಂದ ಯೂರೋಪಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ನಾನು ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಇಟ್ಟು ಅವಲಕ್ಕಿ, ಚಟ್ನಿಪುಡಿ, ಶುಂಠಿ ಇಷ್ಟನ್ನು ತುಂಬಿಕೊಂಡೆ. ಆ ಶುಂಠಿ ಎಷ್ಟು ಉಪಕಾರಕ್ಕೆ ಬಂತೆಂದು ಮುಂದೆ ಹೇಳುತ್ತೇನೆ.

ಅಥೆನ್ಸ್ ಪಟ್ಟಣದ ಪಕ್ಕದಲ್ಲೇ ಅಲಿಮೋಸ್ ಎಂಬ ದೋಣಿಗಳ ನಿಲ್ದಾಣ. ಅಲ್ಲಿ ಹಾಯಿಯ ಕಂಬಗಳು ಅಡಿಕೆ ತೋಟದ ಮರಗಳ ಹಾಗೆ ಸಾಲು ಸಾಲಾಗಿ ನಿಂತಿದ್ದವು. ಈ ಬಾಡಿಗೆಯ ವಾರ ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ನಮ್ಮದು 38 ಅಡಿಯ ದೋಣಿ. ಕೇಳಿದರೆ ದೊಡ್ಡದೆನಿಸುತ್ತದೆ, ಆದರೆ ಅದರೊಳಗೆ ಮೂರು ಮಲಗುವ ಗೂಡು, ಒಂದು ಶೌಚಾಲಯ, ಊಟದ ಮೇಜು, ಅಡುಗೆಮನೆ ಎಲ್ಲ ಹಿಡಿಸಬೇಕು. ಬಟ್ಟೆ ಬದಲಿಸಬೇಕಾದರೆ ಒಂದು ಕಾಲನ್ನು ಹಾಸಿಗೆಯ ಮೇಲಿಡಬೇಕು. ಶೌಚಾಲಯದ ನೀರನ್ನು ಕೈಪಂಪಿನಿಂದ ಒತ್ತಬೇಕು, ಅದರೊಳಗೆ ಕಾಗದದ ಚೂರೂ ಹಾಕುವಂತಿಲ್ಲ, ಕಟ್ಟಿಕೊಂಡರೆ ನಾವೇ ಬಿಚ್ಚಬೇಕು.

ಅಡುಗೆಮನೆಯನ್ನು ಮಾತ್ರ ನಾನು ಇವತ್ತಿಗೂ ಮರೆತಿಲ್ಲ. ನಮ್ಮ ದೇವರ ಕೋಣೆಗಿಂತ ಚಿಕ್ಕದು, ಆದರೆ ಅದನ್ನು ಮಾಡಿದವನು ಹೆಂಡತಿಯ ಮಾತು ಕೇಳಿ ಮಾಡಿರಬೇಕು. ಗ್ಯಾಸ್ ಒಲೆ ಎರಡು ಬದಿಯ ಗೂಟಗಳ ಮೇಲೆ ತೊಟ್ಟಿಲಿನಂತೆ ತೂಗುತ್ತದೆ. ದೋಣಿ ಎಷ್ಟೇ ವಾಲಲಿ, ಒಲೆ ಮಾತ್ರ ನೆಟ್ಟಗೆ ನಿಂತು ಪಾತ್ರೆಯ ನೀರು ತುಳುಕುವುದಿಲ್ಲ. ಪಾತ್ರೆ ಜಾರದಂತೆ ಕಬ್ಬಿಣದ ಹಿಡಿಕೆ, ಬಾಗಿಲು ತಾನಾಗಿ ತೆರೆಯದಂತೆ ಒತ್ತುಗುಂಡಿ, ಅಡುಗೆಯವಳು ಬೀಳದಂತೆ ಸೊಂಟಕ್ಕೆ ಪಟ್ಟಿ! ಗ್ಯಾಸ್ ಸಿಲಿಂಡರು ಒಳಗಿಲ್ಲ, ಹೊರಗಿನ ಪೆಟ್ಟಿಗೆಯಲ್ಲಿ. ಅಡುಗೆ ಮುಗಿದ ತಕ್ಷಣ ಅದರ ಬಾಯಿ ಮುಚ್ಚಲೇಬೇಕು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಈ ಮಾತು ಮನೆಯ ಒಲೆಗೂ ನಿಜ, ಮಲಗುವ ಮೊದಲು ರೆಗ್ಯುಲೇಟರ್ ಮುಚ್ಚುವ ಅಭ್ಯಾಸ ನನಗೆ ಅಲ್ಲಿಂದ ಬಂದದ್ದು. ಸಿಹಿನೀರಿನ ತೊಟ್ಟಿಯನ್ನು ನಾಲ್ಕೈದು ದಿನ ಸುಧಾರಿಸಬೇಕು. ಪಾತ್ರೆಯನ್ನು ಮೊದಲು ಸಮುದ್ರದ ನೀರಿನಲ್ಲಿ ತಿಕ್ಕಿ ಆಮೇಲೆ ಒಂದು ಲೋಟ ಸಿಹಿನೀರಿನಲ್ಲಿ ಅದ್ದುವುದು. ಬೇಸಿಗೆಯಲ್ಲಿ ಬಾವಿ ಬತ್ತಿದ ಮನೆಯ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಭಾನುವಾರ ಬೆಳಗ್ಗೆ ಹೊರಟೆವು. ಬಂದರಿನ ಗೋಡೆ ದಾಟಿ, ಹಾಯಿ ಏರಿಸಿ, ಎಂಜಿನ್ ನಿಲ್ಲಿಸಿದರು. ಸದ್ದು ನಿಂತಿತು, ದೋಣಿ ಒಂದು ಮಗ್ಗುಲಿಗೆ ವಾಲಿತು. ನಾನು ಕಂಬಿ ಹಿಡಿದುಕೊಂಡು "ಮಗುಚ್ತಾ ಇದೆ, ಮಗುಚ್ತಾ ಇದೆ" ಎಂದು ಕಿರುಚಿದೆ. ತಂಗಿಯ ಗಂಡ ನಗದೆ ವಿವರಿಸಿದರು, ಅದು ಅವರ ದೊಡ್ಡ ಗುಣ. ದೋಣಿಯ ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆಯಂತೆ ಟನ್‌ಗಟ್ಟಲೆ ಭಾರದ ಲೋಹ ಇಳಿಬಿಟ್ಟಿರುತ್ತಾರೆ. ಗಾಳಿ ಹಾಯಿಯನ್ನು ಎಷ್ಟು ಒತ್ತುತ್ತದೋ ಅಷ್ಟಕ್ಕೆ ಸರಿಯಾಗಿ ಈ ಭಾರ ಎದುರಿಗೆ ಎಳೆಯುತ್ತದೆ. ಜಾತ್ರೆಯಲ್ಲಿ ಸಿಗುವ, ತಟ್ಟಿದರೆ ವಾಲಿ ಮತ್ತೆ ಎದ್ದು ಕೂರುವ ಗೊಂಬೆ ನೋಡಿದ್ದೀರಲ್ಲ, ಅದೇ ಲೆಕ್ಕ. ಬುದ್ಧಿಗೆ ಹಿಡಿಯಿತು, ಹೊಟ್ಟೆಗೆ ಹಿಡಿಯಲಿಲ್ಲ. ಒಳಗೆ ಹೋಗಿ ಮಲಗಿದರೆ ಇನ್ನೂ ಹೆಚ್ಚಾಗುತ್ತದಂತೆ. ಹೊರಗೆ ಕೂತು ದೂರದ ದಿಗಂತವನ್ನೇ ನೋಡುತ್ತ ಶುಂಠಿ ಜಗಿದೆ. ಒಂದು ಗಂಟೆಯಲ್ಲಿ ತಹಬಂದಿಗೆ ಬಂತು.

ಗಾಳಿ ಎದುರಿನಿಂದ ಬಂದರೆ ಹಾಯಿದೋಣಿ ನೇರ ಹೋಗಲಾರದು. ಓರೆಯಾಗಿ ಆ ಕಡೆ ಸ್ವಲ್ಪ, ತಿರುಗಿ ಈ ಕಡೆ ಸ್ವಲ್ಪ, ಆಗುಂಬೆ ಘಾಟಿಯ ತಿರುವುಗಳ ಹಾಗೆ ಹತ್ತಬೇಕು. ಗಂಟೆಗೆ ಹೆಚ್ಚೆಂದರೆ 10 ಕಿಲೋಮೀಟರು, ನಮ್ಮ ಹೈಸ್ಕೂಲು ಹುಡುಗರು ಸೈಕಲ್ಲಿನಲ್ಲಿ ಇದಕ್ಕಿಂತ ಬೇಗ ಹೋಗುತ್ತಾರೆ. ಆದರೆ ಅವಸರವಿಲ್ಲದ ಆ ವೇಗ ನನಗೆ ಹಿಡಿಸಿತು. ಮಧ್ಯಾಹ್ನದ ಹೊತ್ತಿಗೆ ಚುಕ್ಕಾಣಿಯ ಚಕ್ರವನ್ನು ನನ್ನ ಕೈಗೂ ಕೊಟ್ಟರು. ಬಿಗಿಯಾಗಿ ಹಿಡಿಯಬೇಡ, ರೊಟ್ಟಿ ತಟ್ಟುವಾಗ ತಿರುಗಿಸುವಷ್ಟು ತಿರುಗಿಸು ಎಂದಳು ತಂಗಿ.

ಮೊದಲ ರಾತ್ರಿ ಎಜಿನಾ ದ್ವೀಪ. ಬಂದರಿನ ಬಾಯಲ್ಲೇ ನಾವಿಕರನ್ನು ಕಾಯುವ ಸಂತ ನಿಕೋಲಸ್‌ನ ಪುಟ್ಟ ಬಿಳಿ ಗುಡಿ, ಊರ ತುಂಬ ಪಿಸ್ತಾ. ನಾವು ಪಾಯಸಕ್ಕೆ ಎಣಿಸಿ ಹಾಕುವ ಪಿಸ್ತಾ ಅಲ್ಲಿ ಸೇರುಗಟ್ಟಲೆ! ಗುಡ್ಡದ ಮೇಲೆ ಅಫಾಯಾ ಎಂಬ ದೇವಿಯ 2500 ವರ್ಷ ಹಳೆಯ ದೇವಸ್ಥಾನ, ಈಗ ಕಂಬಗಳಷ್ಟೇ. ಎರಡನೆಯ ರಾತ್ರಿ ಪೋರೊಸ್. ಹೊಳೆಯಂಥ ಕಿರಿದಾದ ಕಾಲುವೆ, ಆಚೆ ದಡದಲ್ಲಿ ನಿಂಬೆ, ಕಿತ್ತಳೆ ತೋಟ, ಈಚೆ ದಡದಲ್ಲಿ ಗಡಿಯಾರದ ಗೋಪುರದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಬಿಳಿ ಮನೆಗಳು.

ಊಟದ ಮಾತು ಬಿಟ್ಟರೆ ನೀವು ಸುಮ್ಮನಿರುತ್ತೀರಾ? ನಾವು ಶಾಕಾಹಾರಿಗಳು, ಅಲ್ಲಿ ಉಪವಾಸವೇ ಗತಿ ಅಂದುಕೊಂಡಿದ್ದೆ. ಹಾಗೇನಿಲ್ಲ. ಅವರಲ್ಲೂ ವ್ರತದ ದಿನಗಳು ಬಹಳ, ಮಾಂಸ, ಹಾಲು, ಮೊಟ್ಟೆ ಮುಟ್ಟದ ಆ ದಿನದ ಅಡುಗೆಗೆ "ನಿಸ್ತಿಸಿಮೊ" ಎನ್ನುತ್ತಾರೆ. ಆ ಮಾತು ಕಲಿತುಕೊಂಡು ಹೋಗಿ. ಸಿಗಡಿ, ಚಿಪ್ಪುಮೀನು ಮಾತ್ರ ಅವರ ವ್ರತಕ್ಕೆ ಆಗುತ್ತದೆ, ಅದೊಂದನ್ನು ಕೇಳಿ ಖಾತ್ರಿ ಮಾಡಿಕೊಳ್ಳಿ. "ಫಾವಾ" ಎಂದರೆ ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಮೇಲೆ ಈರುಳ್ಳಿ, ನಿಂಬೆರಸ, ಆಲಿವ್ ಎಣ್ಣೆ ಹಾಕಿದ್ದು, ಒಗ್ಗರಣೆ ಮರೆತ ನಮ್ಮ ತೊವ್ವೆ ಅನ್ನಿ. "ಹೋರ್ತಾ" ಬೇಯಿಸಿದ ಸೊಪ್ಪು. "ಯೆಮಿಸ್ತಾ" ಟೊಮೇಟೊ, ದೊಣ್ಣೆಮೆಣಸಿನಕಾಯಿಗಳ ಹೊಟ್ಟೆಗೆ ಅಕ್ಕಿ ತುಂಬಿ ಬೇಯಿಸಿದ್ದು. ಇನ್ನು "ಜಾಜಿಕಿ" ನಮ್ಮ ಸೌತೆಕಾಯಿ ಮೊಸರುಬಜ್ಜಿಯ ದೊಡ್ಡಕ್ಕ. ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ಮೂರು ಗಂಟೆ ನೀರು ಇಳಿಸಿ. ಸೌತೆಕಾಯಿ ತುರಿದು ಉಪ್ಪು ಬೆರೆಸಿ ಹತ್ತು ನಿಮಿಷ ಬಿಟ್ಟು ಗಟ್ಟಿಯಾಗಿ ಹಿಂಡಿ. ಇದೇ ಗುಟ್ಟು, ಹಿಂಡದಿದ್ದರೆ ಪಳದ್ಯವಾಗುತ್ತದೆ. ಎರಡೆಸಳು ಬೆಳ್ಳುಳ್ಳಿ ಅರೆದು, ಒಂದು ಚಮಚ ವಿನೆಗರ್ ಅಥವಾ ನಿಂಬೆರಸ, ಎರಡು ಚಮಚ ಆಲಿವ್ ಎಣ್ಣೆ, ಸಿಕ್ಕರೆ ಸಬ್ಬಸಿಗೆ ಸೊಪ್ಪು ಸೇರಿಸಿ ಕಲಸಿ. ಚಪಾತಿಗೆ ಬಹಳ ಚೆನ್ನ. ನಮ್ಮನೆಯವರು ಅದರ ಮೇಲೂ ಚಟ್ನಿಪುಡಿ ಉದುರಿಸಿಕೊಂಡರು, ಆ ಮಾತು ಬೇರೆ.

ಆ ರಾತ್ರಿ ಅಮ್ಮನ ಫೋನು. "ಹಡಗಿನಲ್ಲಿ ಊಟ ಸರಿಯಾಗಿ ಕೊಡ್ತಾರೇನೇ?" ಎಂದಳು. ನಾನು ತೂಗುವ ಒಲೆಯ ಮುಂದೆ ನಿಂತು ಅನ್ನ ಬಾಗುತ್ತಿದ್ದೆ. "ಕೊಡ್ತಾರಮ್ಮ" ಎಂದೆ.

ಮೂರನೆಯ ದಿನ ಹೈಡ್ರಾ. ಅಲ್ಲಿಯವರು "ಈದ್ರಾ" ಎನ್ನುತ್ತಾರೆ. ನೀರು ಎಂಬ ಅರ್ಥದ ಹಳೆಯ ಗ್ರೀಕ್ ಮಾತಿನಿಂದ ಬಂದ ಹೆಸರಂತೆ. ತಮಾಷೆ ನೋಡಿ, ಊರಿನ ಹೆಸರು ನೀರು, ಊರಲ್ಲಿ ನೀರಿಲ್ಲ. ಸಾಗರದಲ್ಲಿ ಸಮುದ್ರವಿಲ್ಲದ ಹಾಗೆ. ಬಹುಕಾಲ ಕುಡಿಯುವ ನೀರನ್ನು ಹಡಗಿನಲ್ಲಿ ತರಿಸಿಕೊಂಡ ಊರದು. ಹಳೆಯ ಮನೆಗಳ ತಳದಲ್ಲಿ ಮಳೆನೀರಿನ ತೊಟ್ಟಿಗಳಿವೆ. ದೂರದಿಂದ ದ್ವೀಪ ಬೋಳು ಬಂಡೆಯ ಹಾಗೆ ಕಾಣುತ್ತದೆ, ಊರಿನ ಗುರುತೇ ಇಲ್ಲ. ಹತ್ತಿರ ಹೋಗಿ ಒಂದು ಮೂಲೆ ತಿರುಗಿದರೆ ಬಾಗಿಲು ತೆರೆದ ಹಾಗೆ ಬಂದರು! ಎರಡೂ ಕಡೆ ಹಳೆಯ ಫಿರಂಗಿಗಳು, ನಡುವೆ ಬಟ್ಟಲಿನಂಥ ನೀರು, ಸುತ್ತ ಗುಡ್ಡಕ್ಕೆ ಅಂಟಿಕೊಂಡು ಮೇಲೆ ಮೇಲೆ ಏರಿದ ಕಲ್ಲಿನ ಮನೆಗಳು, ನೀರಿನಂಚಿಗೇ ಮಠದ ಅಮೃತಶಿಲೆಯ ಗಂಟೆಗೋಪುರ. ಕಾರಿಲ್ಲ, ಸ್ಕೂಟರಿಲ್ಲ, ಕಸದ ಲಾರಿಯಂಥದ್ದು ಬಿಟ್ಟರೆ ಮೋಟಾರು ವಾಹನಕ್ಕೇ ಅಲ್ಲಿ ಅಪ್ಪಣೆಯಿಲ್ಲ. ಧಕ್ಕೆಯ ಮೇಲೆ ಹೇಸರಗತ್ತೆಗಳು ಸಾಲಾಗಿ ಬಾಡಿಗೆಗೆ ಕಾದು ನಿಂತಿರುತ್ತವೆ.

ಇಷ್ಟು ಚೆಂದದ ಬಂದರು ಬಲು ಇಕ್ಕಟ್ಟು. ಅಲ್ಲಿ ದೋಣಿಯನ್ನು ಉದ್ದಕ್ಕೆ ನಿಲ್ಲಿಸುವುದಿಲ್ಲ, ಬೆನ್ನು ಧಕ್ಕೆಗೆ ಮಾಡಿ, ಮೂತಿ ಸಮುದ್ರಕ್ಕೆ ಮಾಡಿ, ಪೆಟ್ಟಿಗೆಯಲ್ಲಿ ಸಾಬೂನು ಜೋಡಿಸಿದ ಹಾಗೆ ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಆ ಸಮುದ್ರದಲ್ಲಿ ಭರತ ಇಳಿತ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಹಿಂಭಾಗದಿಂದ ಒಂದು ಹಲಗೆ ಇಟ್ಟು ನೆಲಕ್ಕೆ ಇಳಿಯಬಹುದು. ಕ್ರಮ ಹೀಗೆ. ಧಕ್ಕೆಯಿಂದ ನಾಲ್ಕೈದು ದೋಣಿಯುದ್ದ ದೂರದಲ್ಲಿ ನಿಂತು ಮೂತಿಯಿಂದ ಲಂಗರು ಇಳಿಸಬೇಕು. ಸರಪಳಿ ಬಿಡುತ್ತ ಬಿಡುತ್ತ ಹಿಂದಕ್ಕೆ ಬರಬೇಕು. ನೀರಿನ ಆಳದ ನಾಲ್ಕೈದು ಪಟ್ಟು ಸರಪಳಿ ತಳದಲ್ಲಿ ಮಲಗಿದರೇನೆ ಲಂಗರು ಹಿಡಿಯುತ್ತದೆ. ಆಮೇಲೆ ಹಿಂದಿನಿಂದ ಎರಡು ಹಗ್ಗ ಧಕ್ಕೆಗೆ ಎಸೆದು ಕಟ್ಟುವುದು, ಸರಪಳಿ ಬಿಗಿ ಮಾಡುವುದು.

ಸರಪಳಿಯ ಗುಂಡಿ ನನ್ನ ಕೈಯಲ್ಲಿ. ಮಿಕ್ಸಿಯ ಗುಂಡಿಯ ಹಾಗೆ ಎರಡೇ ಗುಂಡಿ, ಒಂದು ಇಳಿಸಲು, ಒಂದು ಏರಿಸಲು. 10 ಮೀಟರಿಗೊಮ್ಮೆ ಸರಪಳಿಗೆ ಬಣ್ಣದ ಗುರುತು. ಆಳ 9 ಮೀಟರ್ ಎಂದು ಯಂತ್ರ ತೋರಿಸಿತು. "ಐದನೆಯ ಗುರುತು ಬರೋವರೆಗೂ ಬಿಡ್ತಾ ಇರು, ನಿಲ್ಲಿಸಬೇಡ" ಎಂದಿದ್ದರು. ಚುಕ್ಕಾಣಿಯಲ್ಲಿ ತಂಗಿಯ ಗಂಡ, ಹಿಂದೆ ಹಗ್ಗ ಹಿಡಿದು ತಂಗಿಯೂ ನಮ್ಮನೆಯವರೂ, ಮೂತಿಯಲ್ಲಿ ನಾನೊಬ್ಬಳೇ. ಗುಂಡಿ ಒತ್ತಿದೆ. ಗಡಗಡ ಎಂದು ಸರಪಳಿ ಇಳಿಯಿತು. ಒಂದು ಗುರುತು ಹೋಯಿತು, ಎರಡನೆಯದೂ ಹೋಯಿತು. ಅಷ್ಟರಲ್ಲಿ ಹಿಂದಿನಿಂದ "ನಿಲ್ಸು! ನಿಲ್ಸು!" ಎಂಬ ಕೂಗು ಕೇಳಿತು.

ನಿಲ್ಲಿಸಿಬಿಟ್ಟೆ. ಅದು ನನಗೆ ಹೇಳಿದ್ದಲ್ಲ. ಹಗ್ಗವನ್ನು ಅವಸರದಲ್ಲಿ ಎಸೆಯಲು ಹೊರಟ ನಮ್ಮನೆಯವರಿಗೆ ತಂಗಿ ಹೇಳಿದ್ದು. ಸರಪಳಿ ಸೆಟೆದುಕೊಂಡಿತು, ದೋಣಿ ಕೊರಳಿಗೆ ಕಣ್ಣಿ ಬಿಗಿದ ಎಮ್ಮೆಯ ಹಾಗೆ ಜಗ್ಗಿ ನಿಂತಿತು. ಗಾಳಿ ಪಕ್ಕದಿಂದ ಬೀಸುತ್ತಿತ್ತು. ನೋಡನೋಡುತ್ತ ನಾವು ಅಡ್ಡಡ್ಡ ತೇಲಿ, ಸಾಲಿನಲ್ಲಿ ನಿಂತಿದ್ದ ದೋಣಿಗಳ ಮೂತಿಯ ಮೇಲೆ ಹೋಗುತ್ತಿದ್ದೇವೆ! ಎಲ್ಲ ದೋಣಿಗಳಿಂದಲೂ ಜನ ಎದ್ದು ನಿಂತರು, ಯಾವ ಯಾವ ಭಾಷೆಯಲ್ಲೋ ಕೂಗಿದರು. ನನಗೆ ಏನು ತೋಚಿತೋ, ಕಂಬಿಯ ಆಚೆ ಕಾಲು ಚಾಚಿ ಪಕ್ಕದ ದೋಣಿಯನ್ನು ದೂಡಲು ಹೋದೆ. ಆ ದೋಣಿಯಲ್ಲಿದ್ದ ಬಿಳಿಕೂದಲ ಅಜ್ಜಿ "ನೋ! ನೋ!" ಎಂದು ಗದರಿಸಿ ನನ್ನ ಕಾಲನ್ನು ಒಳಕ್ಕೆ ತಳ್ಳಿ, ಗಾಳಿ ತುಂಬಿದ ರಬ್ಬರಿನ ದಿಂಡೊಂದನ್ನು ಎರಡು ದೋಣಿಗಳ ನಡುವೆ ತುರುಕಿದಳು. ಕುಯ್ಯೋ ಎಂದು ರಬ್ಬರು ಉಜ್ಜಿದ ಸದ್ದು. ಅಷ್ಟೇ. ದೋಣಿಯ ತೂಕ ಏಳು ಟನ್ನಿನ ಹತ್ತಿರ ಗೆಳತಿಯರೇ, ಕಾಲು ಅಲ್ಲೇ ಇದ್ದಿದ್ದರೆ ಈ ಲೇಖನವನ್ನು ಆಸ್ಪತ್ರೆಯಿಂದ ಬರೆಯಬೇಕಾಗುತ್ತಿತ್ತು. ದೋಣಿ ಹಾಳಾದರೆ ಬಣ್ಣ ಬಳಿಯಬಹುದು, ಕೈಕಾಲು ಅಡ್ಡ ಕೊಡಬಾರದು ಎಂಬುದು ಅಲ್ಲಿ ಮೊದಲ ಪಾಠವಂತೆ, ನನಗೆ ಯಾರೂ ಹೇಳಿರಲಿಲ್ಲ.

ಹೇಗೋ ಲಂಗರು ಎತ್ತಿಕೊಂಡು ಬಂದರಿನ ಹೊರಕ್ಕೆ ಬಂದೆವು. ನಾನು ಅಳುತ್ತಿದ್ದೆ. "ನಾನು ಒಳಗೆ ಹೋಗ್ತೀನಿ, ಗುಂಡಿ ಇವರಿಗೆ ಕೊಡಿ" ಎಂದೆ. ಅಮ್ಮನ ಮಾತು ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು, ನೀರು ಆಗಿಬರಲ್ಲ, ಸುಳ್ಳು ಹೇಳಿ ಬಂದೆ, ಅನುಭವಿಸು ಅಂತ. ನಮ್ಮನೆಯವರು ಕೈ ಚಾಚಿಯೂ ಬಿಟ್ಟರು. ಆದರೆ ತಂಗಿಯ ಗಂಡ ಗುಂಡಿ ಬದಲಿಸಲಿಲ್ಲ. ತಪ್ಪು ಕೈಯದಲ್ಲ, ಬಾಯಿಯದು ಎಂದರು. ಇನ್ನು ಮೇಲೆ ಯಾರೂ ಕೂಗುವಂತಿಲ್ಲ, ಕೈಸನ್ನೆ ಮಾತ್ರ. ಅಂಗೈ ಕೆಳಗೆ ಮಾಡಿದರೆ ಸರಪಳಿ ಬಿಡು, ಮುಷ್ಟಿ ಎತ್ತಿದರೆ ನಿಲ್ಲಿಸು, ಹೆಬ್ಬೆಟ್ಟು ಮೇಲೆ ಮಾಡಿದರೆ ಏರಿಸು. ನಾನು ಅವರ ಕೈಯನ್ನು ಮಾತ್ರ ನೋಡಬೇಕು. ಎರಡು ಸಲ ಒಣ ಅಭ್ಯಾಸ ಮಾಡಿದೆವು.

ಮತ್ತೆ ಒಳಗೆ ಹೋದೆವು. ಮೊದಲ ಗುರುತು, ಎರಡು, ಮೂರು. ಯಾರದೋ ಕೂಗು ಕೇಳಿತು, ತಿರುಗಲಿಲ್ಲ. ನಾಲ್ಕು, ಐದು. ಮುಷ್ಟಿ ಎದ್ದಿತು, ನಿಲ್ಲಿಸಿದೆ. ಧಕ್ಕೆಯ ಮೇಲೆ ಯಾರೋ ನಮ್ಮ ಹಗ್ಗ ಹಿಡಿದು ಬಳೆಗೆ ಸುತ್ತಿದರು. ಹೆಬ್ಬೆಟ್ಟು ಮೇಲಾಯಿತು, ಏರಿಸಿದೆ, ಸರಪಳಿ ವೀಣೆಯ ತಂತಿಯ ಹಾಗೆ ಬಿಗಿಯಾಯಿತು. ಎಂಜಿನ್ ನಿಂತಿತು. ಆ ಬಿಳಿಕೂದಲ ಅಜ್ಜಿ ತನ್ನ ದೋಣಿಯಿಂದಲೇ ಹೆಬ್ಬೆಟ್ಟು ಎತ್ತಿ ತೋರಿಸಿದಳು. ಸರಪಳಿ ಏರಿಸು ಅಂತಿದಾಳೋ ಏನೋ ಎಂದು ನಾನು ಗಾಬರಿಯಾಗಿ ಗುಂಡಿ ಹುಡುಕಿದೆ. ಎಲ್ಲರೂ ನಕ್ಕರು.

ಸಂಜೆ ಅಲ್ಲಿ ಎಂಟೂವರೆಯವರೆಗೂ ಬೆಳಕಿರುತ್ತದೆ. ಹಿಂಭಾಗದ ಹಲಗೆಯ ಪಕ್ಕ ಕೂತು ಆಮೇಲೆ ಬಂದ ದೋಣಿಗಳನ್ನು ನೋಡಿದೆವು, ತೇರು ನೋಡುವವರ ಹಾಗೆ. ಪಿರೇಯಸ್‌ನಿಂದ ಬರುವ ವೇಗದ ಹಡಗು ಎಬ್ಬಿಸಿದ ಅಲೆಗೆ ಎಲ್ಲವೂ ಒಟ್ಟಿಗೆ ಕುಣಿಯುತ್ತವೆ. ಧಕ್ಕೆಯಲ್ಲಿ ಜಾಗ ಸಾಲದೆ ಬಂದವರು ನಮ್ಮ ಮುಂದೆಯೇ ಎರಡನೆಯ ಸಾಲು ಮಾಡಿಕೊಂಡರು. ನಾನು ಒಂದು ವಿಷಯ ಎಣಿಸಿದೆ. ಹನ್ನೊಂದು ದೋಣಿ ಬಂದವು, ಒಂಬತ್ತರಲ್ಲಿ ಚುಕ್ಕಾಣಿ ಹಿಡಿದು ಕೂಗುವವನು ಗಂಡಸು, ಮೂತಿಯಲ್ಲಿ ಲಂಗರಿನ ಹತ್ತಿರ ನಿಂತು ಬೈಸಿಕೊಳ್ಳುವವಳು ಹೆಂಗಸು. ಯಾವ ದೇಶದವರಾದರೇನು! ನನ್ನ ಕೇಳಿದರೆ ಇದು ತಿರುಗುಮುರುಗು ಆಗಬೇಕು. ಸರಪಳಿ ಎಳೆಯಲು ಬಲ ಬೇಕು, ಚುಕ್ಕಾಣಿಗೆ ಬೇಕಾದ್ದು ತಾಳ್ಮೆ. ಹಿಂತಿರುಗುವಾಗ ತಂಗಿ ಚುಕ್ಕಾಣಿ ಹಿಡಿದು ದೋಣಿ ನಿಲ್ಲಿಸಿದಳು, ಒಂದೇ ಸಲಕ್ಕೆ ನಿಂತಿತು.

ಕತ್ತಲಾಗುವ ಮೊದಲು ಊರೊಳಗೆ ಸುತ್ತಿದೆವು. ಎದುರಿಗೆ ಬಂದ ಹೇಸರಗತ್ತೆಯ ಬೆನ್ನ ಮೇಲೆ ಹಾಸಿಗೆ, ಇನ್ನೊಂದರ ಮೇಲೆ ಸಿಮೆಂಟು ಮೂಟೆ. ಸೊಸೆ ತವರಿನಿಂದ ಫ್ರಿಜ್ಜು ತಂದರೂ ಕತ್ತೆಯ ಮೇಲೇ ಬರಬೇಕು. ಬಾದಾಮಿ ಅರೆದು ಸಕ್ಕರೆಪುಡಿಯಲ್ಲಿ ಹೊರಳಿಸಿದ "ಅಮಿಗ್ದಲೋತಾ" ಅಲ್ಲಿಯ ಸಿಹಿ, ಬಾಯಲ್ಲಿಟ್ಟರೆ ಕರಗುತ್ತದೆ. ಹೈಡ್ರಾದವರು ಹಿಂದೆ ದೊಡ್ಡ ನಾವಿಕರು. 1821ರಲ್ಲಿ ತುರ್ಕರ ಆಳ್ವಿಕೆಯ ವಿರುದ್ಧ ಗ್ರೀಕರು ಎದ್ದಾಗ ಅವರ ನೌಕಾಬಲದ ಬಹುಪಾಲು ಈ ದ್ವೀಪ ಮತ್ತು ಅಕ್ಕಪಕ್ಕದ ದ್ವೀಪಗಳ ವ್ಯಾಪಾರದ ಹಡಗುಗಳೇ. ಅವರ ಮುಖ್ಯ ಸೇನಾನಿ ಮಿಯಾವುಲಿಸ್ ಹೆಸರಿನಲ್ಲಿ ಇಂದಿಗೂ ಜೂನ್ ಕೊನೆಗೆ ಹಬ್ಬ ಮಾಡಿ ಬಂದರಿನ ನಡುವೆ ಒಂದು ದೋಣಿಗೆ ಬೆಂಕಿ ಹಚ್ಚುತ್ತಾರೆ.

ನನಗೆ ಹಿಡಿಸಿದ್ದು ಮಾತ್ರ ಬೂಬುಲಿನಾ ಎಂಬ ಹೆಂಗಸಿನ ಕತೆ. ತಂದೆ ಹೈಡ್ರಾದ ನಾವಿಕ. ತುರ್ಕರು ಅವನನ್ನು ಕಾನ್‌ಸ್ಟಾಂಟಿನೋಪಲ್‌ನ ಸೆರೆಯಲ್ಲಿಟ್ಟಿದ್ದಾಗ ನೋಡಲು ಹೋದ ತಾಯಿ 1771ರಲ್ಲಿ ಅಲ್ಲೇ ಇವಳನ್ನು ಹೆತ್ತಳು. ಮುಂದೆ ಪಕ್ಕದ ಸ್ಪೆಟ್ಸೆಸ್ ದ್ವೀಪದಲ್ಲಿ ಬೆಳೆದು, ಎರಡು ಸಲ ಮದುವೆಯಾಗಿ ಎರಡು ಸಲವೂ ಗಂಡನನ್ನು ಸಮುದ್ರದಲ್ಲೇ ಕಳೆದುಕೊಂಡಳು. ಮಕ್ಕಳ ದಂಡು ಬೇರೆ. ಇನ್ನೊಬ್ಬಳಾಗಿದ್ದರೆ ಸಮುದ್ರದ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇವಳು ಗಂಡ ಬಿಟ್ಟುಹೋದ ಹಣದಲ್ಲಿ "ಅಗಮೆಮ್ನಾನ್" ಎಂಬ 18 ಫಿರಂಗಿಗಳ ಹಡಗು ಕಟ್ಟಿಸಿ, 1821ರಲ್ಲಿ ತಾನೇ ನಿಂತು ನಾಫ್ಲಿಯೋ ಕೋಟೆಯ ಮುತ್ತಿಗೆಗೆ ಹೋದಳು. 1825ರಲ್ಲಿ ಮನೆಮನೆಗಳ ಜಗಳದಲ್ಲಿ ಗುಂಡು ತಗುಲಿ ಸತ್ತಳು ಎನ್ನುವುದೇ ಹೊಟ್ಟೆ ಉರಿಸುವ ಮಾತು. ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕನ ನೆನಪಾಯಿತು.

ಮರುದಿನ ಬೆಳಗ್ಗೆ ಹೊರಡುವಾಗ ಇನ್ನೊಂದು ಫಜೀತಿ. ಲಂಗರು ಏರಿಸುತ್ತ ಬಂದೆ, ಕೊನೆಯ 10 ಮೀಟರಿನಲ್ಲಿ ಯಂತ್ರ ತಿಣುಕಿ ನಿಂತಿತು. ಬಗ್ಗಿ ನೋಡಿದರೆ ನಮ್ಮ ಲಂಗರಿನ ಕೊಕ್ಕೆಯ ಮೇಲೆ ಇನ್ಯಾರದೋ ಸರಪಳಿ ಹಾವಿನಂತೆ ಬಿದ್ದಿದೆ. ನನ್ನ ಎದೆ ಮತ್ತೆ ಢವಢವ. ಆದರೆ ಈ ಸಲ ಯಾರೂ ಕೂಗಲಿಲ್ಲ. ಹೈಡ್ರಾದಲ್ಲಿ ಇದು ದಿನನಿತ್ಯದ ಮಾತಂತೆ, ಅಷ್ಟು ಚಿಕ್ಕ ಬಟ್ಟಲಿನಲ್ಲಿ ಅಷ್ಟು ಜನ ಸರಪಳಿ ಹಾಕಿದರೆ ಹೆಣೆದುಕೊಳ್ಳದೆ ಇರುತ್ತದೆಯೇ? ತಂಗಿಯ ಗಂಡ ಮೂತಿಗೆ ಬಂದು ಬಗ್ಗಿ, ಆ ಸರಪಳಿಯ ಅಡಿಯಿಂದ ಒಂದು ಹಗ್ಗ ತೂರಿಸಿ ಎರಡೂ ತುದಿಯನ್ನು ನಮ್ಮ ದೋಣಿಗೆ ಕಟ್ಟಿದರು. ಆಮೇಲೆ ನಾನು ನಮ್ಮ ಲಂಗರನ್ನು ಎರಡು ಮೀಟರ್ ಕೆಳಗಿಳಿಸಿದೆ. ಪರರ ಸರಪಳಿ ಹಗ್ಗದಲ್ಲಿ ನೇತಾಡಿತು, ನಮ್ಮ ಲಂಗರು ಬಿಡಿಸಿಕೊಂಡಿತು. ಹಗ್ಗದ ಒಂದು ತುದಿ ಬಿಟ್ಟರೆ ಅದು ಮತ್ತೆ ತಳಕ್ಕೆ. ಕಾಲು ಗಂಟೆಯ ಕೆಲಸ. ಜಡೆಯಲ್ಲಿ ಸಿಕ್ಕಿಕೊಂಡ ಸರವನ್ನು ಬಿಡಿಸುವ ಹಾಗೆ, ಎಳೆದರೆ ಕೆಟ್ಟಿತು, ಸಡಿಲ ಬಿಟ್ಟರೆ ಬಂತು. ಸರಪಳಿಯ ಒಡೆಯ ತನ್ನ ದೋಣಿಯ ಮೇಲೆ ಕಾಫಿ ಲೋಟ ಹಿಡಿದು ನಮ್ಮನ್ನೇ ನೋಡುತ್ತಿದ್ದ. "ಎಫಖಾರಿಸ್ತೊ" ಎಂದು ಕೈಬೀಸಿದ, ಧನ್ಯವಾದ ಅಂತ.

ವಾಪಸು ಬರುವ ಮೂರು ದಿನ ಗಾಳಿ ಹದವಾಗಿತ್ತು, ಹೇಳುವಂಥದ್ದೇನೂ ನಡೆಯಲಿಲ್ಲ. ಚುಕ್ಕಾಣಿಯನ್ನು ದಿನಕ್ಕೆ ಒಂದು ಗಂಟೆಯಾದರೂ ನಾನೇ ಹಿಡಿದೆ.

ಊರಿಗೆ ಬಂದಾಗ ಮಳೆ ಹಿಡಿದಿತ್ತು. ಅಮ್ಮನಿಗೆ ನಾನಾಗಿ ಹೇಳುವ ಮೊದಲೇ ಮಗಳು ಮೊಬೈಲಿನ ಫೋಟೋ ತೋರಿಸಿಬಿಟ್ಟಿದ್ದಳು, ಮೂತಿಯಲ್ಲಿ ಗುಂಡಿ ಹಿಡಿದು ನಿಂತ ನನ್ನ ಫೋಟೋ. ಎರಡು ದಿನ ಅಮ್ಮ ಮಾತಾಡಲಿಲ್ಲ. ಮೂರನೆಯ ದಿನ ಹಲಸಿನ ಹಪ್ಪಳ ಕರಿಯುತ್ತ, "ವಾಲಿದರೂ ಒಲೆ ನೆಟ್ಟಗೆ ನಿಲ್ಲುತ್ತಂತಲ್ಲ, ಹೇಗೆ?" ಎಂದಳು. ಹೇಳಿದೆ. ಒಲೆಯಿಂದ ಸರಪಳಿಗೆ ಬಂದೆ, ಸರಪಳಿಯಿಂದ ಕಾಲು ಚಾಚಿದ್ದಕ್ಕೆ ಬಂದೆ, ಏನನ್ನೂ ಮುಚ್ಚಿಡಲಿಲ್ಲ. ಬೈಸಿಕೊಂಡೆ, ಕಾಲಿನ ವಿಷಯಕ್ಕಲ್ಲ, ಸುಳ್ಳಿನ ವಿಷಯಕ್ಕೆ.

ಜುಲೈನಲ್ಲಿ ಅಂಬಾರಗೋಡ್ಲಿನ ಸೇತುವೆ ತೆರೆಯಿತಲ್ಲ, ದೀಪಾವಳಿ ಕಳೆದ ಮೇಲೆ ಅಮ್ಮನನ್ನು ತುಮರಿ ಕಡೆಗೆ ಕಾರಿನಲ್ಲಿ ಕರೆದುಕೊಂಡು ಹೋದೆವು. ಸೆರಗು ಮುಖಕ್ಕೆ ಹೋಗುತ್ತದೆಂದು ನಾನು ಕಾಯುತ್ತಿದ್ದೆ, ಹೋಗಲಿಲ್ಲ. ಕಿಟಕಿಯಿಂದ ನೀರು ನೋಡುತ್ತ, "ಇಲ್ಲಿ ಲಂಗರು ಹಾಕಬೇಕು ಅಂದ್ರೆ ಎಷ್ಟು ಸರಪಳಿ ಬೇಕೇ?" ಎಂದಳು.

"ಆಳ ಗೊತ್ತಿರಬೇಕಮ್ಮ" ಎಂದೆ.

"ನಮ್ಮ ಅಂಗಳದ ಹಲಸಿನ ಮರ ಪೂರ್ತಿ ಮುಳುಗಿತ್ತು. ಅದರ ಮೇಲೆ ಇನ್ನೆಷ್ಟೋ."

ಲೆಕ್ಕ ಹಾಕಿದೆ. ಮರ 40 ಅಡಿ ಎಂದರೆ 12 ಮೀಟರ್, ಅದರ ಐದು ಪಟ್ಟು 60. ನಮ್ಮ ದೋಣಿಯಲ್ಲಿ ಇದ್ದದ್ದೇ ಒಟ್ಟು 60 ಮೀಟರ್ ಸರಪಳಿ. "ಮರದ ತುದಿಗೇ ಎಲ್ಲಾ ಖರ್ಚಾಗುತ್ತಮ್ಮ, ಅದರ ಮೇಲಿನ ನೀರಿಗೆ ಸಾಲಲ್ಲ" ಎಂದೆ.

ಅಮ್ಮ ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. "ಹಾಗಾದ್ರೆ ಇಲ್ಲಿ ನಿಲ್ಲಿಸೋದು ಬೇಡ, ದಡಕ್ಕೆ ಹೋಗಿಯೇ ನಿಲ್ಲಿಸಲಿ" ಎಂದು ಅಳಿಯನಿಗೆ ಕೇಳುವ ಹಾಗೆ ಹೇಳಿ, ಮಡಿಲಿನಲ್ಲಿದ್ದ ಎಲೆಯಡಿಕೆ ಚೀಲ ಬಿಚ್ಚಿದಳು.